ಯಂತ್ರ ವಿಚಾರ: ಹಲ್ಲು ಕೂಡಿತು, ಲೆಕ್ಕ ಕೂಡಲಿಲ್ಲ

ಸರಕಾರಿ ಕಚೇರಿಯಲ್ಲಿ ‘ಟ್ರಾನ್ಸ್‌ಫರ್ ಕೇಸ್’ ಎಂಬ ಮಾತಿಗೆ ಇರುವ ಅರ್ಥ ಒಂದೇ. ಯಾರಿಗೋ ದೂರದ ಊರಿಗೆ ವರ್ಗವಾಗಿದೆ. ಅವರು ಅದನ್ನು ರದ್ದು ಮಾಡಿಸಲು ಮೇಲಿನವರ ಬಾಗಿಲು ಕಾಯುತ್ತಿದ್ದಾರೆ. ಕಳೆದ ಶ್ರಾವಣದಲ್ಲಿ ಜಹೀರಾಬಾದಿನ ನಮ್ಮ ಷಡ್ಡಕರು ಕಚೇರಿಯ ವೇಳೆಯಲ್ಲಿಯೇ ಫೋನು ಮಾಡಿ, “ಟ್ರಾನ್ಸ್‌ಫರ್ ಕೇಸ್ ಹೋಯ್ತಪಾ ತಮ್ಮಾ, ಗಾಡಿ ಹೊಲದಾಗೇ ನಿಂತದ” ಎಂದರು. “ಟ್ರಾನ್ಸ್‌ಫರ್ ಕೇಸ್ ಪೂರ್ತಿ ಹೋಯಿತೇ ಅಣ್ಣಾ?” ಎಂದು ನಾವು ಕೇಳಿದುದೇ ತಡ, ಪಕ್ಕದ ಮೇಜಿನ ಸೂಪರಿಂಟೆಂಡೆಂಟರು ಕನ್ನಡಕವನ್ನು ಮೇಲೇರಿಸಿ, ಯಾರಿಗಾಯಿತು, ಯಾವ ಜಿಲ್ಲೆಗಾಯಿತು ಎಂದು ವಿಚಾರಿಸತೊಡಗಿದರು. ಕನ್ನಡ ಬಾರದ ಅವರ ಕಿವಿಗೆ ಬಿದ್ದುದು ಆ ಎರಡು ಇಂಗ್ಲಿಷ್ ಮಾತುಗಳು ಮಾತ್ರ.

ವಾಚಕರಲ್ಲಿ ಕೆಲವರಿಗೂ ಅದೇ ಸಂದೇಹ ಬಂದೀತು. ಇನ್ನು ಕೆಲವರು ಕಬ್ಬಿಣದ ಮಾತೆಂದು ಪುಟ ಮಗುಚಲು ಹೊರಟಿರಬಹುದು. ಸ್ವಲ್ಪ ತಾಳಬೇಕು. ಈ ಕಥೆಯಲ್ಲಿ ಕಳ್ಳತನದ ಆರೋಪವೊಂದುಂಟು. ಆರು ವರ್ಷ ಒಂದೇ ಮನೆಯ ಅನ್ನ ಉಂಡ ಹುಡುಗನೊಬ್ಬನ ಮಾನದ ಪ್ರಶ್ನೆಯೂ ಉಂಟು.

ಮೊದಲು ವಸ್ತುವಿನ ಪರಿಚಯವಾಗಲಿ. ಸಾಮಾನ್ಯ ಲಾರಿಯಲ್ಲಿ ಎಂಜಿನ್ನಿನ ಬಲವೆಲ್ಲ ಗೇರ್ ಪೆಟ್ಟಿಗೆಯಿಂದ ಉದ್ದನೆಯ ದಂಡವೊಂದರ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ವಾಹನದಲ್ಲಿ ಗೇರ್ ಪೆಟ್ಟಿಗೆಯ ಬೆನ್ನಿಗೆ ಇನ್ನೊಂದು ಚಿಕ್ಕ ಪೆಟ್ಟಿಗೆ ಅಂಟಿಕೊಂಡಿರುತ್ತದೆ. ಬಂದ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚಿಕೊಡುವುದು ಅದರ ಕೆಲಸ. ಒಬ್ಬನ ಸಂಬಳ ಎರಡು ಮನೆಗೆ ಹಂಚಿಹೋಗುವಂತೆ ಎಂದರೆ ನಮ್ಮ ವರ್ಗದವರಿಗೆ ಬೇಗ ತಿಳಿದೀತು. ಕೆಸರಿನಲ್ಲಿ ಸಿಕ್ಕಾಗ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಇನ್ನೊಂದು ಗೇರೂ ಬಹುತೇಕ ಅದರಲ್ಲಿಯೇ ಇರುತ್ತದೆ. ಟ್ರಾನ್ಸ್‌ಫರ್ ಕೇಸ್ ಎಂದರೆ ಈ ಪೆಟ್ಟಿಗೆ.

ಎರಡನೆಯ ಮಹಾಯುದ್ಧದಲ್ಲಿ 1941ರಿಂದ 1945ರ ವರೆಗೆ ತಯಾರಾದ ವಿಲ್ಲಿಸ್ ಜೀಪಿನಲ್ಲಿ ಇದ್ದುದು ‘ಸ್ಪೈಸರ್ 18’ ಎಂಬ ಹೆಸರಿನ ಪೆಟ್ಟಿಗೆ. ಯುದ್ಧಾನಂತರ 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ನಮ್ಮ ಮಿಸ್ತ್ರಿಗಳ ಕೈ ಪಳಗಿದುದು ಇಂಥವುಗಳ ಮೇಲೆಯೇ. ಒಂದು ಜೀಪಿನದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಅವರಿಗೆ ಒಂದು ಹಗಲಿನ ಕೆಲಸ. ಆ ಪೆಟ್ಟಿಗೆಯಿಂದಲೇ ಒಂದು ತಿರುಚು ಕೇಬಲ್ಲು ಹೊರಟು ಚಾಲಕನ ಮುಂದಿನ ವೇಗದ ಮೀಟರಿಗೆ ಹೋಗುತ್ತಿತ್ತು. ಗಾಲಿ ತಿರುಗಿದರೆ ಕೇಬಲ್ಲು ತಿರುಗುತ್ತದೆ, ಕೇಬಲ್ಲು ತಿರುಗಿದರೆ ಮೀಟರಿನೊಳಗೆ ಅಯಸ್ಕಾಂತ ತಿರುಗಿ ಮುಳ್ಳನ್ನು ಸೆಳೆಯುತ್ತದೆ. ಕಣ್ಣಿಗೆ ಕಾಣುವ ವ್ಯವಹಾರ. ಕೇಬಲ್ಲು ಕಡಿದರೆ ಬೆರಳಿಗೆ ತಿಳಿಯುತ್ತಿತ್ತು.

ಈಗಿನ ವಾಹನಗಳಲ್ಲಿ ಕೇಬಲ್ಲು ಹೋಗಿ ಅದರ ಜಾಗಕ್ಕೆ ಸೆನ್ಸರು ಬಂದಿದೆ. ಪೆಟ್ಟಿಗೆಯೊಳಗಿನ ದಂಡಕ್ಕೆ ಹಲ್ಲುಗಳುಳ್ಳ ಬಳೆಯೊಂದನ್ನು ತೊಡಿಸಿರುತ್ತಾರೆ. ಅದರ ಎದುರಿಗೆ, ಕೂದಲೆಳೆಯಷ್ಟು ಸಂದು ಬಿಟ್ಟು, ಹೆಬ್ಬೆರಳಿನ ಗಾತ್ರದ ಸೆನ್ಸರು ಕುಳಿತಿರುತ್ತದೆ. ಪ್ರತಿಯೊಂದು ಹಲ್ಲು ಹಾದುಹೋದಾಗಲೂ ಅದು ತಂತಿಯಲ್ಲಿ ಒಂದು ಮಿಡಿತ ಕಳುಹಿಸುತ್ತದೆ. ಮಿಡಿತಗಳನ್ನು ಎಣಿಸಿ ವೇಗವನ್ನು ಹೇಳುವುದು ವಾಹನದ ಗಣಕ. ಕೆಲವು ವಾಹನಗಳು ಗಾಲಿಗಳ ಬಳಿಯ ಬ್ರೇಕ್ ಸೆನ್ಸರುಗಳಿಂದಲೇ ವೇಗವನ್ನು ತಿಳಿದುಕೊಳ್ಳುತ್ತವೆ. ಅವುಗಳಿಗೆ ನಾವು ಹೇಳಹೊರಟ ತೊಂದರೆ ಬಾರದು. ನಮ್ಮ ಷಡ್ಡಕರ ಪಿಕಪ್ ಟ್ರಕ್ಕಾದರೋ ಆ ಪೆಟ್ಟಿಗೆಯನ್ನೇ ನಂಬಿದ್ದ ಜಾತಿಯದು.

ಅವರದು ಮಳೆಗಾಲದಲ್ಲಿ ತರಕಾರಿ, ಚಳಿಗಾಲದಲ್ಲಿ ಶುಂಠಿ. ಹೊಲದ ದಾರಿ ಕರಿಮಣ್ಣಿನದು. ಎರಡು ಮಳೆ ಬಿದ್ದರೆ ಎತ್ತಿನ ಗಾಡಿಯೂ ಅಚ್ಚಿನ ವರೆಗೆ ಹೂಳುತ್ತದೆ. ಆದುದರಿಂದಲೇ ಅವರು 2012ರಲ್ಲಿ ಸಾಲ ಮಾಡಿ ನಾಲ್ಕು ಚಕ್ರ ಎಳೆಯುವ ಟ್ರಕ್ಕನ್ನು ಹೈದರಾಬಾದಿನಲ್ಲಿ ಕೊಂಡುದು. ಆ ಶ್ರಾವಣದ ದಿನ ಪೆಟ್ಟಿಗೆಯೊಳಗಿನ ಸರಪಳಿ ಹರಿದು ಕವಚವನ್ನೇ ಸೀಳಿತ್ತು. ಹೊಸದರ ಬೆಲೆ ಕೇಳಿ ಅವರು ಮೌನವಾದರು. ಹಳೆಯ ಬಿಡಿಭಾಗಗಳ ವ್ಯಾಪಾರಿಯೊಬ್ಬನಲ್ಲಿ, ಅಪಘಾತಕ್ಕೊಳಗಾದ ಟ್ರಕ್ಕಿನಿಂದ ಬಿಚ್ಚಿದ ಪೆಟ್ಟಿಗೆ ಸಿಕ್ಕಿತು. ಹೆಸರು ಒಂದೇ, ವರ್ಷ ಒಂದೇ. ದಂಡದ ಹಲ್ಲುಗಳನ್ನು ಎಣಿಸಿ ನೋಡಿದರು, ಸರಿ. ಬೋಲ್ಟಿನ ತೂತುಗಳನ್ನು ನೋಡಿದರು, ಸರಿ. ಇನ್ನೇನು ಬೇಕು?

ಬೇಕಾದುದು ಒಂದಿತ್ತು. ಭಾರತ್ ಸ್ಟೇಜ್ ನಾಲ್ಕು ಎಂಬ ಹೊಗೆಯ ನಿಯಮ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದು ಅನ್ವಯಿಸಿದುದು ಹೈದರಾಬಾದು, ಬೆಂಗಳೂರು, ದಿಲ್ಲಿ ಮುಂತಾದ ಕೆಲವು ನಗರಗಳಿಗೆ ಮಾತ್ರ. ಇಡೀ ದೇಶಕ್ಕೆ ಅನ್ವಯಿಸಿದುದು 2017ರ ಏಪ್ರಿಲ್ 1ರಂದು. ನಡುವಿನ ವರ್ಷಗಳಲ್ಲಿ ಒಂದೇ ಹೆಸರಿನ ವಾಹನ ನಗರಕ್ಕೊಂದು ಬಗೆ, ಹೊರಗಿನವರಿಗೆ ಇನ್ನೊಂದು ಬಗೆಯಾಗಿ ಮಾರಾಟವಾಗುತ್ತಿದ್ದುದುಂಟು. ಹೊರಗಿನ ಕಬ್ಬಿಣ ಒಂದೇ. ಒಳಗಿನ ಗಣಕ, ತಂತಿ, ಸೆನ್ಸರು ಬೇರೆಯಾಗಿರಬಹುದು. ಜಹೀರಾಬಾದಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರ ತಾಲ್ಲೂಕು 1956ರ ವರೆಗೆ ಬೀದರ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಮೈಸೂರು ರಾಜ್ಯಕ್ಕೆ ಹೋಯಿತು, ಇವರು ಮೆದಕಕ್ಕೆ ಸೇರಿದರು. ನೆಲ ಅದೇ, ಮನೆಮಾತು ಅದೇ, ದಫ್ತರ ಬೇರೆ. ಕೊಂಡ ಪೆಟ್ಟಿಗೆಯೂ ಹಾಗೆಯೇ ಬೇರೆ ದಫ್ತರದ್ದು.

ಪೆಟ್ಟಿಗೆ ಎರಡು ದಿನದಲ್ಲಿ ಕುಳಿತಿತು. ಗಾಡಿ ನಡೆಯಿತು, ಮುಳ್ಳು ಮಾತ್ರ ಸೊನ್ನೆಯಲ್ಲಿಯೇ ಮಲಗಿತ್ತು. ನಮ್ಮ ಕಚೇರಿಯಲ್ಲಿ ಇದು ದಿನವೂ ನಡೆಯುವುದೇ. ವರ್ಗವಾದ ಮನುಷ್ಯ ಬಂದು ಕುರ್ಚಿಯಲ್ಲಿ ಕೂಡುತ್ತಾನೆ, ಕೆಲಸವನ್ನೂ ಮಾಡುತ್ತಾನೆ. ಹಳೆಯ ಕಚೇರಿಯಿಂದ ಕೊನೆಯ ವೇತನದ ಪ್ರಮಾಣಪತ್ರ ಬರುವ ತನಕ ಖಜಾನೆಯ ಮಟ್ಟಿಗೆ ಆತ ಇಲ್ಲವೇ ಇಲ್ಲ! ಇಲ್ಲಿ ಆಗಿದ್ದುದೇನೆಂದರೆ, ಗಾಡಿಯ ತಂತಿಯ ತುದಿಯಲ್ಲಿದ್ದುದು ಮೂರು ಕಡ್ಡಿಯ ಕನೆಕ್ಟರು. ಹೊಸ ಪೆಟ್ಟಿಗೆಯ ಸೆನ್ಸರಿಗೆ ಇದ್ದುದು ಎರಡೇ.

ಈ ಎರಡು ಮತ್ತು ಮೂರರ ಭೇದ ಬರಿಯ ಎಣಿಕೆಯದಲ್ಲ. ಎರಡು ತಂತಿಯ ಸೆನ್ಸರೆಂದರೆ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಹಲ್ಲು ಹಾದಂತೆ ಅದು ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮೆಲ್ಲಗೆ ಹೋದರೆ ಕ್ಷೀಣ, ಜೋರಾಗಿ ಹೋದರೆ ಬಲ. ಮೂರು ತಂತಿಯದು ಬೇರೆಯವರ ಅನ್ನ ಉಣ್ಣುವ ಜಾತಿ. ಒಂದು ತಂತಿಯಲ್ಲಿ ಅದಕ್ಕೆ ವಿದ್ಯುತ್ತು ಕೊಡಬೇಕು, ಇನ್ನೊಂದು ನೆಲದ ತಂತಿ, ಮೂರನೆಯದರಲ್ಲಿ ಅದು ಉಂಟು-ಇಲ್ಲ, ಉಂಟು-ಇಲ್ಲ ಎಂದು ಸಮಾನವಾದ ಮಿಡಿತಗಳನ್ನು ಕಳುಹಿಸುತ್ತದೆ. ಒಂದರ ಮಾತನ್ನು ಇನ್ನೊಂದಕ್ಕಾಗಿ ಮಾಡಿದ ಗಣಕ ತಿಳಿಯಲಾರದು.

ಪೆಟ್ಟಿಗೆ ಕೂರಿಸಿದ ಗ್ಯಾರೇಜಿನ ಹುಡುಗ ಇದನ್ನೆಲ್ಲ ಯೋಚಿಸುವ ಗೋಜಿಗೆ ಹೋಗಲಿಲ್ಲ. ಎರಡೂ ಕನೆಕ್ಟರುಗಳನ್ನು ಕತ್ತರಿಸಿ, ಬಣ್ಣಕ್ಕೆ ಬಣ್ಣ ಸೇರಿಸಿ ತಿರುಚಿ, ಮೇಲೆ ಟೇಪು ಸುತ್ತಿದ. ಬೀಗ ತಿರುವಿದರೆ ಎಂಜಿನ್ನೇ ಏಳಲಿಲ್ಲ. ಆ ಗಾಡಿಯಲ್ಲಿ ವೇಗದ ಸೆನ್ಸರಿಗೆ ಹೋಗುವ ಐದು ವೋಲ್ಟಿನ ತಂತಿ ಬೇರೆ ಸೆನ್ಸರುಗಳಿಗೂ ಅನ್ನ ಹಾಕುವ ತಂತಿ. ಅದನ್ನು ನೆಲಕ್ಕೆ ಮುಟ್ಟಿಸಿದರೆ ಮನೆಯವರೆಲ್ಲ ಉಪವಾಸ. ಗಣಕ ಸುಟ್ಟುಹೋಗದೆ ಉಳಿದುದು ಷಡ್ಡಕರ ಪುಣ್ಯ. ತಂತಿಯ ಬಣ್ಣ ಕಾರ್ಖಾನೆಯವನ ಅನುಕೂಲಕ್ಕೆ ಇರುವುದು. ಈ ಗಾಡಿಯ ಕೆಂಪು ಆ ಗಾಡಿಯ ಕೆಂಪಲ್ಲ.

ಗ್ಯಾರೇಜಿನ ಯಜಮಾನ ಬಂದು ತಿರುಚಿದುದನ್ನು ಬಿಚ್ಚಿಸಿದ. ಹಳೆಯ ಪೆಟ್ಟಿಗೆಯ ಮೂರು ತಂತಿಯ ಸೆನ್ಸರನ್ನೇ ತೆಗೆದು ಹೊಸದಕ್ಕೆ ಹಾಕಿದ. ಮರೆ ಒಂದೇ ಆದುದರಿಂದ ಅದು ಚೆನ್ನಾಗಿ ಕುಳಿತಿತು. ಗಾಡಿ ಓಡಿತು, ಮುಳ್ಳು ಮೇಲೆದ್ದಿತು. ಎಲ್ಲರೂ ಚಹಾ ಕುಡಿದರು. ಬಿಲ್ಲು ಸಂದಾಯವಾಯಿತು.

ನಿಜವಾದ ತೊಂದರೆ ಹುಟ್ಟಿದುದು ಇಲ್ಲಿಂದ. ಸತ್ತ ಮುಳ್ಳು ತಾನು ಸತ್ತೆನೆಂದು ಹೇಳುತ್ತದೆ. ಸುಳ್ಳು ಹೇಳುವ ಮುಳ್ಳನ್ನು ಯಾರೂ ಅನುಮಾನಿಸುವುದಿಲ್ಲ.

ನಮ್ಮ ಷಡ್ಡಕರು ಲೆಕ್ಕದ ಮನುಷ್ಯರು. ಎಷ್ಟು ಡೀಸೆಲ್ಲು, ಎಷ್ಟು ಕಿಲೋಮೀಟರು ಎಂದು ದಿನಚರಿಯಲ್ಲಿ ಬರೆದಿಡುವವರು. ಮೊದಲು ಲೀಟರಿಗೆ 12 ಕಿಲೋಮೀಟರು ಬರುತ್ತಿದ್ದ ಗಾಡಿ ಭಾದ್ರಪದದಿಂದೀಚೆಗೆ 9ಕ್ಕೆ ಇಳಿಯಿತು. ಗಾಡಿ ನಡೆಸುವ ಹುಡುಗ ರಾತ್ರಿ ಎರಡಕ್ಕೆ ಹೊರಟು ಬೋಯಿನ್‌ಪಲ್ಲಿ ಮಾರುಕಟ್ಟೆಗೆ ಸರಕು ಇಳಿಸಿ ಬರುವವನು. ದಾರಿಯಲ್ಲಿ ಡೀಸೆಲ್ಲು ಕೊಳ್ಳುವವರಿಗೆ ಬರವೇ? ಯಾರೋ ಕಿವಿಯೂದಿದರು. ಷಡ್ಡಕರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆ ತಿಂಗಳ ಸಂಬಳವನ್ನು ಮಾತ್ರ ತಡೆಹಿಡಿದರು. ಹುಡುಗ “ಏನಾತ್ರಿ ಮಾಮಾ?” ಎಂದು ಎರಡು ಸಲ ಕೇಳಿ, ಮೂರನೆಯ ಸಲ ಕೇಳುವುದನ್ನು ಬಿಟ್ಟ. ದಸರೆಗೆ ಹೋದಾಗ ಆ ಮನೆಯ ಅಂಗಳದಲ್ಲಿ ಅವನು ಕಟ್ಟೆಯ ಮೇಲೆ ಕೂರದೆ ಗೇಟಿನ ಹೊರಗೆ ನಿಂತಿದ್ದುದನ್ನು ನಾವು ನೋಡಿದೆವು.

ಷಡ್ಡಕರು ದಿನಚರಿಯನ್ನು ನಮ್ಮ ಮುಂದಿಟ್ಟು, “ನೀನೇ ನೋಡು ತಮ್ಮಾ, ನೀ ಲೆಕ್ಕದಾಗಿನವ” ಎಂದರು. ನೋಡಿದೆವು. ಮೊದಲಿನ ಬರಹವೆಲ್ಲ 12ರ ಆಸುಪಾಸು, ನಂತರದ್ದೆಲ್ಲ 9ರ ಆಸುಪಾಸು. ಪ್ರತಿ ಸಲವೂ ಸುಮಾರು ನಾಲ್ಕರಲ್ಲಿ ಒಂದು ಪಾಲು ಕಡಮೆ. ಕಚೇರಿಯಲ್ಲಿ ಪುಸ್ತಕಗಳನ್ನು ನೋಡಿ ನೋಡಿ ನಮಗೆ ಒಂದು ವಾಸನೆ ಹತ್ತಿದೆ: ಕಳ್ಳತನ ಇಷ್ಟು ಶಿಸ್ತಿನದಾಗಿರುವುದಿಲ್ಲ. ಕದಿಯುವವನು ಒಂದು ದಿನ ಎರಡು ಲೀಟರು ತೆಗೆಯುತ್ತಾನೆ, ಒಂದು ದಿನ ಹೆದರಿ ಬಿಡುತ್ತಾನೆ, ಹಬ್ಬದ ಮುಂಚೆ ಐದು ತೆಗೆಯುತ್ತಾನೆ. ಸಾವಿರ ಲೆಕ್ಕದಲ್ಲಿಯೂ ಕಾಲು ಪಾಲೇ ಕಡಮೆ, ನೂರರಲ್ಲಿಯೂ ಕಾಲು ಪಾಲೇ ಕಡಮೆ ಎಂದರೆ ಅದು ಮನುಷ್ಯನ ಕೈಯಲ್ಲ, ಅಳತೆಯ ಪಾವೇ ತಪ್ಪು. ಡೀಸೆಲ್ಲು ಹೆಚ್ಚು ಹೋಗುತ್ತಿರಲಿಲ್ಲ. ಕಿಲೋಮೀಟರು ಕಡಮೆ ಬರೆಯಲ್ಪಡುತ್ತಿತ್ತು.

ಪರೀಕ್ಷೆಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಮರುದಿನ ಬೆಳಿಗ್ಗೆ, ಹಿಂದೆ 9 ಎಂದು ಕರೆಯುತ್ತಿದ್ದ, ಈಗ 65 ಎಂಬ ಸಂಖ್ಯೆಯ ಹೆದ್ದಾರಿಗೆ ಮೂವರೂ ಹೊರಟೆವು. ಹುಡುಗ ಮುಳ್ಳನ್ನು 60ರಲ್ಲಿ ಅಲುಗದಂತೆ ಹಿಡಿದ. ಗಂಟೆಗೆ 60 ಎಂದರೆ ಒಂದು ಕಿಲೋಮೀಟರಿಗೆ ಸರಿಯಾಗಿ 60 ಸೆಕೆಂಡು. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಗಡಿಯಾರ ಹಿಡಿದೆವು: 45 ಸೆಕೆಂಡು. ಇನ್ನೊಮ್ಮೆ ಹಿಡಿದೆವು: ಅಷ್ಟೇ. 3600ನ್ನು 45ರಿಂದ ಭಾಗಿಸಿದರೆ 80. ಷಡ್ಡಕರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ಲೆಕ್ಕದ ಇನ್ನೊಂದು ಮುಖ ಹೊಳೆದಾಗ ನಮಗೂ ಬೆವರಿತು. 60ರಲ್ಲಿ ಹೋಗುತ್ತಿದ್ದೇನೆಂದುಕೊಂಡು ಆ ಹುಡುಗ ಎರಡು ತಿಂಗಳು ಕತ್ತಲಲ್ಲಿ, ಮಳೆಯಲ್ಲಿ, ತುಂಬಿದ ಗಾಡಿಯನ್ನು 80ರಲ್ಲಿ ಓಡಿಸಿದ್ದ. ಸಾಗಣೆಯ ವಾಹನವಾದುದರಿಂದ ಅದಕ್ಕೆ 80ನ್ನು ಮೀರಗೊಡದ ವೇಗ ನಿಯಂತ್ರಕ ಹಾಕಿಸಿದ್ದರು. ಅದೂ ಅದೇ ತಂತಿಯ ಮಿಡಿತವನ್ನು ನಂಬುವುದು. ಮಿಡಿತ ಮುಕ್ಕಾಲು ಪಾಲಾದರೆ ಅದು ತಡೆಯುವುದು 80ರಲ್ಲಿ ಅಲ್ಲ, 106 ದಾಟಿದ ಮೇಲೆ.

ಮಿಕ್ಕ ಕೆಲಸ ಮಾಡಿದವರು ಮಿಲಿಟರಿಯ ವಾಹನ ದುರಸ್ತಿ ಕಾರ್ಖಾನೆಯಲ್ಲಿ ಸೇವೆ ಮುಗಿಸಿ ಸಿಕಂದರಾಬಾದಿನಲ್ಲಿಯೇ ನೆಲೆನಿಂತ, ಭಾಲ್ಕಿ ಕಡೆಯ ಹಿರಿಯರೊಬ್ಬರು. ಸೇನೆಯ ಯಂತ್ರವಿದ್ಯೆಯ ದೊಡ್ಡ ಕಾಲೇಜು ಅಲ್ಲಿಯ ತಿರುಮಲಗಿರಿಯಲ್ಲಿ ಇರುವುದರಿಂದ ಇಂಥ ಕೈಗಳು ನಮ್ಮ ಊರಿಗೆ ಅಪರೂಪವಲ್ಲ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಕಾಕಾ ಪಾನಾ ಹಿಡಿಯುವ ಮೊದಲು ಕೇಳಿದುದು ಒಂದೇ ಪ್ರಶ್ನೆ: “ಹಳೀ ಪೆಟ್ಟಿಗಿ ಎಲ್ಲದ?” ಪುಣ್ಯಕ್ಕೆ ಅದನ್ನು ಗುಜರಿಗೆ ಹಾಕಿರಲಿಲ್ಲ, ದನದ ಕೊಟ್ಟಿಗೆಯಲ್ಲಿತ್ತು.

ಅವರು ಹಿಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಉದ್ದನೆಯ ದಂಡದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಬೀಗ ತಿರುವಿ, ಮಲ್ಟಿಮೀಟರಿನ ಕಡ್ಡಿಯನ್ನು ಸೆನ್ಸರಿನ ಮೂರನೆಯ ತಂತಿಗೆ ಹಿಂದುಗಡೆಯಿಂದ ತಾಗಿಸಿ, ದಂಡವನ್ನು ಕೈಯಿಂದ ಮೆಲ್ಲನೆ ಒಂದು ಸುತ್ತು ತಿರುಗಿಸಲು ಹುಡುಗನಿಗೆ ಹೇಳಿದರು. ಮೀಟರಿನ ಅಂಕೆ ಏರಿತು, ಬಿದ್ದಿತು, ಏರಿತು, ಬಿದ್ದಿತು. ಗೆರೆ ಮತ್ತೆ ಮೇಲಕ್ಕೆ ಬರುವಷ್ಟರಲ್ಲಿ ಆರು ಸಲ. ಅನಂತರ ಕೊಟ್ಟಿಗೆಯ ಪೆಟ್ಟಿಗೆಯ ಹಿಂಭಾಗವನ್ನು ಬಿಚ್ಚಿ, ಅದರ ಬಳೆಯ ಹಲ್ಲುಗಳನ್ನು ಹುಡುಗನಿಂದಲೇ ಎಣಿಸಿದರು. ಎಂಟು. ಎಂಟಕ್ಕೆ ಆರು, ಹನ್ನೆರಡಕ್ಕೆ ಒಂಬತ್ತು. ಆ ಅಂಗಳದಲ್ಲಿ ಆಗ ಯಾರೂ ಮಾತನಾಡಲಿಲ್ಲ.

ಗ್ಯಾರೇಜಿನ ಯಜಮಾನ ಮಾಡಿದುದು ಅರ್ಧ ಸರಿ. ಸೆನ್ಸರು ಮತ್ತು ಹಲ್ಲಿನ ಬಳೆ ಗಂಡಹೆಂಡಿರಿದ್ದಂತೆ. ಒಂದನ್ನು ತಂದರೆ ಇನ್ನೊಂದನ್ನೂ ತರಬೇಕು. ಕಾಕಾ ಹಳೆಯ ಬಳೆಯನ್ನು ಹೊಸ ಪೆಟ್ಟಿಗೆಯ ದಂಡಕ್ಕೆ ತೊಡಿಸಿ, ಸಂದನ್ನು ಅಳೆದು ನೋಡಿ ಮುಚ್ಚಿದರು. ಕತ್ತರಿಸಿದ ಕನೆಕ್ಟರಿನ ಜಾಗದಲ್ಲಿ ಹೊಸದನ್ನು ಬೆಸುಗೆ ಹಾಕಿ ನೀರು ಹೋಗದಂತೆ ಕೊಳವೆ ತೊಡಿಸಿದರು. ಮಾರನೆಯ ದಿನ ಅದೇ ಎರಡು ಕಲ್ಲುಗಳ ನಡುವೆ ಗಡಿಯಾರ 60 ತೋರಿಸಿತು.

ಇನ್ನೊಂದು ವಿಷಯವೂ ಆಗಲೇ ಬಯಲಾಯಿತು. ನಾಲ್ಕು ಚಕ್ರದ ದೀಪ ಎರಡು ಚಕ್ರದಲ್ಲಿ ಹೋಗುವಾಗ ಉರಿಯುತ್ತಿತ್ತು, ನಾಲ್ಕಕ್ಕೆ ಹಾಕಿದರೆ ಆರುತ್ತಿತ್ತು. ಹೊಸ ಪೆಟ್ಟಿಗೆಯ ಸ್ವಿಚ್ಚು ಒತ್ತಿದಾಗ ಬಿಡುವ ಬಗೆಯದು, ಹಳೆಯದು ಒತ್ತಿದಾಗ ಹಿಡಿಯುವ ಬಗೆಯದು. ಇದನ್ನು ಚಿಕ್ಕ ಮಾತೆಂದು ತಿಳಿಯಬಾರದು. ಇಂಥ ವಾಹನಗಳಲ್ಲಿ ಮುಂದಿನ ಹಾಗೂ ಹಿಂದಿನ ದಂಡಗಳು ನಾಲ್ಕು ಚಕ್ರದಲ್ಲಿ ಒಂದಕ್ಕೊಂದು ಬಿಗಿದುಕೊಂಡು ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಾದರೆ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಬಿಗಿತವೆಲ್ಲ ಸರಪಳಿಯ ಮೇಲೆ ಬೀಳುತ್ತದೆ. ದೀಪ ತಲೆಕೆಳಗಾದರೆ ಒಳ್ಳೆಯ ಚಾಲಕನೂ ಡಾಂಬರಿನಲ್ಲಿ ನಾಲ್ಕನ್ನೇ ಹಾಕಿಕೊಂಡು ಹೋದಾನು. ಹಳೆಯ ಸ್ವಿಚ್ಚನ್ನು ತಂದು ತಿರುಗಿಸಿದರು. ಐದು ನಿಮಿಷದ ಕೆಲಸ.

ಸಂಬಳದ ಮಾತು. ತಡೆಹಿಡಿದ ತಿಂಗಳಿನದನ್ನು ಷಡ್ಡಕರು ಅಂದೇ ಸಂಜೆ ಎಲ್ಲರೆದುರಿಗೆ ಹುಡುಗನ ಕೈಗೆ ಕೊಟ್ಟರು, ಜೊತೆಗೆ ದಿನಚರಿಯನ್ನೂ ಕೊಟ್ಟು, ಇನ್ನು ಮುಂದೆ ನೀನೇ ಬರೆ ಎಂದರು. ಅವನು ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ದಿನಚರಿಯನ್ನು ತೆಗೆದುಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ತಡೆದ.

ನಮ್ಮ ಸಂಘದ ಸದಸ್ಯರಲ್ಲಿ ಹಳ್ಳಿಯ ಕಡೆ ಇಂಥ ಗಾಡಿ ಇಟ್ಟವರು ಕೆಲವರಿದ್ದಾರೆ. ಅವರಿಗಾಗಿ ಕಾಕಾ ಹೇಳಿದುದರಲ್ಲಿ ಕೆಲವನ್ನು ಬರೆದುಬಿಡುತ್ತೇವೆ. ರಾಣಿಗಂಜಿಗೆ ಹೋಗಲಿ, ಆಟೋ ನಗರಕ್ಕೆ ಹೋಗಲಿ, ಹಳೆಯ ಪೆಟ್ಟಿಗೆ ಕೊಳ್ಳುವವರು ತಮ್ಮ ಪೆಟ್ಟಿಗೆಯ ಮೇಲಿನ ತಗಡಿನ ಚೀಟಿಯ ಸಂಖ್ಯೆಯನ್ನು ಮತ್ತು ಎಲ್ಲ ಕನೆಕ್ಟರುಗಳ ಚಿತ್ರವನ್ನು ಜೊತೆಯಲ್ಲಿ ಒಯ್ಯಬೇಕು. ಕನೆಕ್ಟರಿನ ಕಡ್ಡಿಗಳು ಬೇರೆಯಾಗಿದ್ದರೆ ಒಳಗಿನ ಬಳೆಯೂ ಬೇರೆಯಿರಬಹುದೆಂದು ಮೊದಲೇ ತಿಳಿಯತಕ್ಕದ್ದು. ಗಾಡಿಯ ಮೂಲ ತಂತಿಯನ್ನು ಕತ್ತರಿಸಗೊಡಬಾರದು. ಅನಿವಾರ್ಯವಾದರೆ ಎರಡೂ ತುದಿಗೆ ಸರಿಯಾದ ಕನೆಕ್ಟರುಳ್ಳ ಗೇಣುದ್ದದ ಮಧ್ಯದ ತಂತಿಯೊಂದನ್ನು ಮಾಡಿಸಿದರೆ, ನಾಳೆ ತೆಗೆಯಲೂ ಬರುತ್ತದೆ. ಯಾವ ಕಡ್ಡಿ ಯಾವುದಕ್ಕೆ ಎಂಬುದನ್ನು ಬಣ್ಣದಿಂದಲ್ಲ, ಮೀಟರಿನಿಂದ ನಿರ್ಧರಿಸಬೇಕು.

ಗುಂಡಿ ತಿರುವಿದರೆ ಮೋಟಾರು ತಾನೇ ನಾಲ್ಕು ಚಕ್ರಕ್ಕೆ ಹಾಕುವ ಗಾಡಿಗಳಲ್ಲಿ ಇನ್ನೂ ಎಚ್ಚರ ಬೇಕು. ಆ ಮೋಟಾರಿಗೆ ಎರಡು ದಪ್ಪ ತಂತಿಗಳಲ್ಲದೆ, ತಾನು ಈಗ ಎಲ್ಲಿದ್ದೇನೆಂದು ಗಣಕಕ್ಕೆ ಹೇಳುವ ಸಣ್ಣ ತಂತಿಗಳೂ ಇರುತ್ತವೆ. ಆ ಸಂಕೇತ ತಿಳಿಯದಿದ್ದರೆ ಗಣಕ ದೀಪ ಮಿಣುಕಿಸಿ ಸುಮ್ಮನಾಗುತ್ತದೆ. ಕೂರುವ ಜಾಗ ಒಂದೇ ಆಗಿದ್ದರೆ ಹಳೆಯ ಮೋಟಾರನ್ನೇ ಹೊಸ ಪೆಟ್ಟಿಗೆಗೆ ಹಾಕುವುದು ಲೇಸು. ಹಾಕುವ ಮುನ್ನ ಎರಡೂ ಒಂದೇ ಸ್ಥಾನದಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು.

ಕೊನೆಯದಾಗಿ ಎಣ್ಣೆ. ಜೀಪಿನ ಕಾಲದ ಅಭ್ಯಾಸದಿಂದ ಕೆಲವು ಮಿಸ್ತ್ರಿಗಳು ಎಲ್ಲದಕ್ಕೂ 90ರ ದಪ್ಪ ಎಣ್ಣೆಯನ್ನೇ ಸುರಿಯುತ್ತಾರೆ. ಸರಪಳಿಯುಳ್ಳ ಅನೇಕ ಪೆಟ್ಟಿಗೆಗಳಿಗೆ ಬೇಕಾದುದು ಅದಲ್ಲ, ತೆಳುವಾದ ಆಟೊಮ್ಯಾಟಿಕ್ ಗೇರಿನ ಎಣ್ಣೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಯಾವುದೆಂದು ಬರೆದಿರುತ್ತದೆ. ಬಹಳ ಮನೆಗಳಲ್ಲಿ ಆ ಪುಸ್ತಕ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ಹಾಗೆಯೇ ಇರುತ್ತದೆ.